ಒಂಬತ್ತು ಮಿಲಿಮೀಟರಿನ ಪರೀಕ್ಷಾ ಚಿತ್ರ

ಮಾರ್ಚ್ 3, ಸೋಮವಾರ

ಆಸ್ಪತ್ರೆಯವರು ಇವತ್ತಿನಿಂದ ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ ಎಂದಿದ್ದಾರೆ. ಬರೆಯುತ್ತಿದ್ದೇನೆ. ಬೆಳಿಗ್ಗೆ: ಬಿಳಿ ಬ್ರೆಡ್ಡು, ಎರಡು ಚೂರು. ಮಧ್ಯಾಹ್ನ: ಸಪ್ಪೆ ಅನ್ನ. ಸಂಜೆ: ಸಿಟ್ಟು.

ಇಷ್ಟಾದ ಮೇಲೂ ಮುಕ್ಕಾಲು ಹಾಳೆ ಖಾಲಿ ಉಳಿಯಿತು. ಹಾಳೆ ಖಾಲಿ ಬಿಡುವುದು ನನ್ನ ಜಾಯಮಾನಕ್ಕೆ ಒಗ್ಗದು, ಆದ್ದರಿಂದ ಕಾರಣವನ್ನೂ ಬರೆದಿಡುತ್ತೇನೆ. ಕಚೇರಿಯಿಂದ ಸುತ್ತೋಲೆ ಬಂದಿದೆ. ಐವತ್ತು ದಾಟಿದವರೆಲ್ಲ, ನೋವಿರಲಿ ಬಿಡಲಿ, ದೊಡ್ಡ ಕರುಳನ್ನು ಒಮ್ಮೆ ತೋರಿಸಿಕೊಂಡು ಬರಬೇಕಂತೆ. ಕ್ಯಾನ್ಸರ್ ಇದ್ದರೆ ಮೊಳಕೆಯಲ್ಲೇ ಸಿಗಲಿ ಎಂದು. ಅದಕ್ಕೆ ಎರಡು ದಾರಿ. ಒಂದು, ಕ್ಯಾಮೆರಾ ಇರುವ ಉದ್ದನೆಯ ಕೊಳವೆಯನ್ನು ಹಿಂದುಗಡೆಯಿಂದ ಒಳಕ್ಕೆ ಬಿಟ್ಟು ನೋಡುವುದು, ಅದಕ್ಕೆ ಕೊಲೊನೋಸ್ಕೋಪಿ ಎನ್ನುತ್ತಾರೆ. ಇನ್ನೊಂದು, ಸಿ.ಟಿ. ಯಂತ್ರದಲ್ಲಿ ಮಲಗಿಸಿ ಹೊರಗಿನಿಂದಲೇ ಚಿತ್ರ ತೆಗೆಯುವುದು. ನಾನು ಎರಡನೆಯದಕ್ಕೆ ಗುರುತು ಹಾಕಿದೆ. ಹಾಕದೆ ಇರುತ್ತೇನೆಯೇ? ಇಪ್ಪತ್ತೆರಡು ವರ್ಷದಿಂದ ವಿಮಾನ ನಿಲ್ದಾಣದಲ್ಲಿ ಕೂತು ಜನರ ಚೀಲಗಳನ್ನು ಎಕ್ಸ್-ರೇ ಪರದೆಯ ಮೇಲೆ ನೋಡುತ್ತಿರುವವನು ನಾನು. ಚೀಲ ಬಿಚ್ಚದೆ ಒಳಗಿನದನ್ನು ಹೇಳುವುದೇ ನನ್ನ ಅನ್ನ. ಕೈ ಹಾಕಿ ನೋಡುವುದು ದಡ್ಡರ ಕೆಲಸ.

ಫಾರಮ್ಮಿನಲ್ಲಿ ಒಂದು ಪ್ರಶ್ನೆ: ಮನೆತನದಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ? ಇಲ್ಲ ಎಂದು ಬರೆದೆ. ಅಪ್ಪನಿಗಿದ್ದದ್ದು ಹೊಟ್ಟೆನೋವು. ಹೊಟ್ಟೆನೋವಿಗೆ ಆ ಹಾಳೆಯಲ್ಲಿ ಜಾಗ ಇರಲಿಲ್ಲ.

ಮಾರ್ಚ್ 5, ಬುಧವಾರ

ಭೇದಿ ಔಷಧಿಯ ದಿನ. ಬರೆಯಲು ಪುರುಸೊತ್ತಿಲ್ಲ.

ಸಂಜೆ: ಈಗಲೂ ಇಲ್ಲ.

ಮಾರ್ಚ್ 6, ಗುರುವಾರ

ಮುಗಿಯಿತು. "ಹೊರಗಿನಿಂದಲೇ ಚಿತ್ರ" ಎಂದು ಸುತ್ತೋಲೆಯಲ್ಲಿ ಬರೆದದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಬೆರಳುದ್ದದ ಒಂದು ಮೆತ್ತನೆ ನಳಿಕೆ. ಅದರಿಂದ ಗಾಳಿ ತುಂಬಿ ಕರುಳನ್ನು ಉಬ್ಬಿಸುತ್ತಾರೆ. ಮಡಿಕೆ ಬಿಚ್ಚದಿದ್ದರೆ ಒಳಗೋಡೆ ಕಾಣುವುದಿಲ್ಲವಂತೆ. ಇದು ನ್ಯಾಯವಾದ ಮಾತು, ಗಿಡಿದು ತುಂಬಿದ ಚೀಲದಲ್ಲಿ ನನಗೂ ಏನೂ ಕಾಣುವುದಿಲ್ಲ.

ಬೆಲ್ಟಿನಂಥದರ ಮೇಲೆ ಮಲಗಿಸಿ ಒಳಕ್ಕೆ ಜರುಗಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಬೆಲ್ಟಿನ ಮೇಲೆ ನಾನು ಮಲಗಿದ್ದು ಇದೇ ಮೊದಲು. "ಉಸಿರು ಹಿಡ್ಕೊಳ್ಳಿ" ಎಂದಿತು ಯಂತ್ರ. ಹಿಡಿದೆ. "ಬಿಡಿ" ಎಂದಿತು. ಬಿಟ್ಟೆ. ಮನೆಯಲ್ಲಿ ಹೆಂಡತಿಯ ಮುಂದೆ ಇಷ್ಟು ವಿಧೇಯನಾಗಿದ್ದರೆ ಇವಳು ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಆಮೇಲೆ ಯಂತ್ರ ನಡೆಸುವ ಹೆಂಗಸು ಬಂದು, "ಈಗ ಬೋರಲು ಮಲಗಿ ಸಾರ್" ಎಂದಳು.

"ಯಾಕಮ್ಮಾ, ಮೊದಲನೇದು ಸರಿ ಬರಲಿಲ್ವಾ?"

"ಎಲ್ಲರಿಗೂ ಎರಡು ಸಲ ಸಾರ್. ಅಂಗಾತ ಒಂದು, ಬೋರಲು ಒಂದು."

ನಾವೂ ಚೀಲವನ್ನು ಮಗುಚಿ ಇನ್ನೊಮ್ಮೆ ಬಿಡುತ್ತೇವೆ, ಆದರೆ ಅನುಮಾನ ಬಂದರೆ ಮಾತ್ರ. ಎಲ್ಲರ ಮೇಲೂ ಅನುಮಾನ ಪಡುವುದು ಸಂಸ್ಕಾರವಂತರ ಲಕ್ಷಣವಲ್ಲ. ಪರದೆಯನ್ನು ಈ ಕಡೆ ತಿರುಗಿಸಮ್ಮಾ, ನಾನೂ ಇದೇ ಕಸುಬಿನವನು ಎಂದೆ. "ಡಾಕ್ಟರಾ ಸಾರ್ ನೀವು?" ಎಂದಳು. "ಹೆಚ್ಚು ಕಡಿಮೆ" ಎಂದೆ. ತಿರುಗಿಸಲಿಲ್ಲ.

ಮಾರ್ಚ್ 10, ಸೋಮವಾರ

ವರದಿ ಬಂತು. ದೊಡ್ಡ ಕರುಳಿನ ಎಡಭಾಗದಲ್ಲಿ, ಕೊನೆಯ ತಿರುವಿನ ಹತ್ತಿರ, ಒಂಬತ್ತು ಮಿಲಿಮೀಟರಿನ ಒಂದು ಪಾಲಿಪ್. ಪಾಲಿಪ್ ಎಂದರೆ ಒಳಗೋಡೆಯ ಮೇಲೆ ಹುಟ್ಟುವ ಪುಟ್ಟ ಗಂಟು. ಸುಮ್ಮನೆ ಕೂತಿರುವವೂ ಉಂಟು, ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗುವವೂ ಉಂಟು. ನೋಡಿದರೆ ತಿಳಿಯದು, ಆದ್ದರಿಂದ ಕೊಳವೆ ಬಿಟ್ಟು ಕತ್ತರಿಸಿ ತೆಗೆಸಬೇಕು ಎಂದು ಬರೆದಿದ್ದಾರೆ. ಅಂದರೆ ನಾನು ಬೇಡವೆಂದು ಬಿಟ್ಟ ಆ ಮೊದಲನೆಯ ದಾರಿಯೇ.

ಅರ್ಧ ಗಂಟೆ ಹೆದರಿ ಆ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದೆ. ನನಗೆ ನಾನೇ ಬರೆದುಕೊಳ್ಳುವಾಗ ಸುಳ್ಳೇಕೆ.

ಆಮೇಲೆ ಹೊಳೆಯಿತು. ಹೊಳೆದ ಮೇಲೆ ನಗು ಬಂತು.

ನಮ್ಮ ಯಂತ್ರದಲ್ಲಿ ಒಂದು ಏರ್ಪಾಡಿದೆ. ದಿನವೆಲ್ಲ ಬಟ್ಟೆ, ಚಪ್ಪಲಿ, ಚಾರ್ಜರು ನೋಡಿ ನೋಡಿ ಕಣ್ಣು ಮಂಕಾಗುತ್ತದೆ. ಅದಕ್ಕಾಗಿ ಯಂತ್ರ ಆಗಾಗ ಯಾರದೋ ಪಾಪದ ಚೀಲದ ಚಿತ್ರದೊಳಗೆ ತಾನೇ ಒಂದು ಪಿಸ್ತೂಲನ್ನೋ ಚಾಕುವನ್ನೋ ಸೇರಿಸಿ ತೋರಿಸುತ್ತದೆ. ಚೀಲದಲ್ಲಿ ಅದು ಇರುವುದೇ ಇಲ್ಲ. ಕೂತವನು ಎಚ್ಚರವಾಗಿದ್ದು ಗುಂಡಿ ಒತ್ತಿದರೆ ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತದೆ: "ಭೇಷ್! ಇದು ಪರೀಕ್ಷಾ ಚಿತ್ರ. ಕೆಲಸ ಮುಂದುವರಿಸಿ." ಒತ್ತದಿದ್ದರೆ ಕೆಂಪು ಅಕ್ಷರ, ತಿಂಗಳ ಕೊನೆಗೆ ಅಂಕ ಕಡಿತ. ನನ್ನ ಅಂಕ ತೊಂಬತ್ತೊಂಬತ್ತಕ್ಕಿಂತ ಕೆಳಗೆ ಇಳಿದದ್ದಿಲ್ಲ.

ಚೀಲ ನೋಡುವವರಿಗೇ ಇಂಥ ಪರೀಕ್ಷೆ ಇರುವಾಗ ಕರುಳು ನೋಡುವವರಿಗೆ ಇಲ್ಲದಿರುತ್ತದೆಯೇ? ನನ್ನಂಥ ನಿರೋಗಿಯ ಚಿತ್ರದೊಳಗೆ ಒಂದು ಗಂಟು ಸೇರಿಸಿದ್ದಾರೆ. ನೋಡಿದ ಡಾಕ್ಟರು ಎಚ್ಚರವಾಗಿದ್ದು ಗುಂಡಿ ಒತ್ತಿದ್ದಾರೆ. "ಭೇಷ್" ಎಂದು ಹೇಳಿ ಅದನ್ನು ಅಳಿಸಬೇಕಾದವನು ಅಳಿಸಲು ಮರೆತಿದ್ದಾನೆ. ಅಷ್ಟೇ ವಿಷಯ.

ಇವಳಿಗೆ ವಿವರಿಸಿದೆ. ವರದಿಯನ್ನು ಎರಡು ಸಲ ಓದಿ, "ಹಾಗಂತೀರಾ?" ಎಂದಳು.

"ಇಪ್ಪತ್ತೆರಡು ವರ್ಷ ನೋಡಿದ ಕಣ್ಣು ಕಣೇ."

"ನೀವು ಆ ಚಿತ್ರ ನೋಡೇ ಇಲ್ವಲ್ಲ" ಎಂದು ಹೇಳಿ ಒಳಗೆ ಹೋದಳು. ಹೆಂಗಸರಿಗೆ ತಾಂತ್ರಿಕ ವಿಷಯ ಹೇಳಿ ಪ್ರಯೋಜನವಿಲ್ಲ.

ಮಾರ್ಚ್ 13, ಗುರುವಾರ

ಬಾಮೈದ ಬಂದಿದ್ದ. ಜಗತ್ತಿನ ಸಕಲ ರೋಗಕ್ಕೂ ಬಿಸಿನೀರೇ ಮದ್ದು ಎನ್ನುವ ಪಂಥದವನು. ಇಷ್ಟು ವರ್ಷದಲ್ಲಿ ಅವನು ಆಡಿದ ಒಂದು ಮಾತೂ ನನಗೆ ಹಿಡಿಸಿದ್ದಿಲ್ಲ. ಇವತ್ತು ಹಿಡಿಸಿತು.

"ಇರಲಾರದೆ ಇರುವೆ ಬಿಟ್ಕೊಂಡ್ರಲ್ಲ ಭಾವ! ಹುಡುಕಿದ್ರೆ ಯಾರಿಗೆ ಸಿಗಲ್ಲ ಹೇಳಿ? ಹುಡುಕಬಾರದು. ಅದೇ ಗುಟ್ಟು."

ಎರಡು ಸಲ ಕಾಫಿ ಕೊಡಿಸಿದೆ. ಇವಳು ಎರಡನೆಯ ಲೋಟವನ್ನು ಅವನ ಮುಂದೆ ಕುಕ್ಕಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಮಾರ್ಚ್ 18, ಮಂಗಳವಾರ

ಆಸ್ಪತ್ರೆಯಿಂದ ಫೋನು. "ಕೊಲೊನೋಸ್ಕೋಪಿಗೆ ಯಾವ ದಿನ ಬರ್ತೀರಾ ಸಾರ್?"

"ನಾನು ಕಂಡುಹಿಡಿದಿದ್ದೀನಿ ಅಂತ ನಿಮ್ಮ ಮೇಲಿನವರಿಗೆ ಹೇಳಮ್ಮ."

"ಏನು ಸಾರ್?"

"ಅವರಿಗೆ ಅರ್ಥ ಆಗುತ್ತೆ."

"ಸರಿ ಸಾರ್. ಹಾಗಾದ್ರೆ ಬುಧವಾರ ಹಾಕ್ಲಾ, ಶುಕ್ರವಾರ ಹಾಕ್ಲಾ?"

ಇಟ್ಟುಬಿಟ್ಟೆ.

ಮಾರ್ಚ್ 24, ಸೋಮವಾರ

ಬಾಯಿಮಾತು ಬೇಡವೆಂದು ಲಿಖಿತವಾಗಿ, ಇ-ಮೇಲಿನಲ್ಲಿ ಕಳಿಸಿದೆ. "ಮಾನ್ಯರೇ, ತಮ್ಮ ವರದಿಯಲ್ಲಿ ನಮೂದಾಗಿರುವ ಒಂಬತ್ತು ಮಿಲಿಮೀಟರಿನ ವಸ್ತುವು ಸಿಬ್ಬಂದಿಯ ಎಚ್ಚರ ಪರೀಕ್ಷೆಗಾಗಿ ಸೇರಿಸಲಾದ ಚಿತ್ರವೆಂದು ಸಹವೃತ್ತಿಯವನಾದ ನಾನು ಮನಗಂಡಿದ್ದು, ಸದರಿ ವಸ್ತುವನ್ನು ನನ್ನ ಕರುಳಿನಿಂದ ಹಿಂಪಡೆದು ದೃಢೀಕರಿಸಬೇಕಾಗಿ ಕೋರುತ್ತೇನೆ."

ಎರಡೇ ನಿಮಿಷದಲ್ಲಿ ಉತ್ತರ. "ನಮ್ಮೊಂದಿಗಿನ ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಮೂರು ಕೊಟ್ಟೆ. ಗಾಳಿ ತುಂಬಿದ ಹೆಂಗಸು ಮರ್ಯಾದೆಯಿಂದ ನಡೆದುಕೊಂಡಿದ್ದಳು.

ಮಾರ್ಚ್ 31, ಸೋಮವಾರ

ತಿಂಗಳ ಅಂಕ: ತೊಂಬತ್ತೊಂದು. ಯಂತ್ರಕ್ಕೆ ವಯಸ್ಸಾಗಿದೆ.

ಏಪ್ರಿಲ್ 15, ಮಂಗಳವಾರ

ವರದಿ ಮನೆಯಲ್ಲಿದ್ದರೆ ಇವಳ ಕಣ್ಣಿಗೆ ಬೀಳುತ್ತದೆ ಎಂದು ಕಚೇರಿಗೆ ತಂದೆ. ದಪ್ಪ ಕಾಗದ, ಒಳ್ಳೆಯ ಮುದ್ರಣ. ಊಟದ ಡಬ್ಬಿಯ ಕೆಳಗೆ ಹಾಸಲು ಹೇಳಿ ಮಾಡಿಸಿದ ಹಾಗಿದೆ. ಆಸ್ಪತ್ರೆಯ ಪರೀಕ್ಷಾ ಚಿತ್ರವನ್ನು ನಾನು ಪತ್ತೆ ಮಾಡಿದ ಕಥೆಯನ್ನು ಪಾಳಿಯವರಿಗೆಲ್ಲ ಹೇಳಿದೆ. ಎಲ್ಲರೂ ನಕ್ಕರು. ಎರಡನೇ ಪರದೆ ಮಾತ್ರ ನಗಲಿಲ್ಲ. ಅದು ನಾನಿಟ್ಟ ಹೆಸರು. ಹದಿನಾಲ್ಕು ವರ್ಷದಿಂದ ನನ್ನ ಪಕ್ಕದ ಪರದೆಯಲ್ಲಿ ಕೂರುವ, ನಾನು ಒಂದು ಹೇಳಿದರೆ ಎರಡು ಹೇಳುವ ಹೆಂಗಸು.

"ಅದು ನಿಜವಾದ್ದೇ ಆಗಿದ್ರೆ ಸಾರ್?"

"ಆಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ನನ್ನ ಹೊಟ್ಟೆ."

"ಚೀಲದೋರೂ ಹಾಗೇ ಹೇಳೋದು."

ಮನೆಯಲ್ಲಿ ಇವಳು ಈ ವಿಷಯ ಎತ್ತುವುದನ್ನು ಬಿಟ್ಟಿದ್ದಾಳೆ. ಕೊನೆಗೂ ನಂಬಿಕೆ ಬಂತು ಎಂದು ತೋರುತ್ತದೆ.

ಏಪ್ರಿಲ್ 30, ಬುಧವಾರ

ಎಂಬತ್ತನಾಲ್ಕು. ಮೇಲಧಿಕಾರಿ ಕರೆದು, "ನಿದ್ದೆ ಸರಿಯಾಗಿ ಆಗ್ತಿದೆಯಾ?" ಎಂದು ಕೇಳಿದರು. ಚೆನ್ನಾಗಿಯೇ ಆಗುತ್ತಿದೆ. ಪಕ್ಕ ಬದಲಿಸುವಾಗ ಮಾತ್ರ ಎಚ್ಚರವಾಗುತ್ತದೆ. ಎಡಕ್ಕೆ ಮಲಗಿದರೆ ಅಲ್ಲಿ ಏನೋ ಇದೆ ಎನ್ನಿಸುತ್ತದೆ, ಇಲ್ಲದ್ದು ಹೀಗೆ ಅನ್ನಿಸುವುದೇ ಅದು ಇಲ್ಲ ಎನ್ನುವುದಕ್ಕೆ ಸಾಕ್ಷಿ.

ಅಪ್ಪನೂ ಕೊನೆಕೊನೆಗೆ ಬಲಕ್ಕೇ ಮಲಗುತ್ತಿದ್ದರು.

ಮೇ 6, ಮಂಗಳವಾರ

ಇವತ್ತು ನನ್ನ ಪಾಳಿಯಲ್ಲಿ ಆಗಬಾರದ್ದು ಆಯಿತು. ಒಂದು ಚೀಲದಲ್ಲಿ ಚಾಕು ಇತ್ತು. ಎರಡನೇ ಪರದೆ ಅದನ್ನು ನೋಡಿದಳು, ನೋಡಿಯೂ ಗುಂಡಿ ಒತ್ತಲಿಲ್ಲ. ಕಳೆದ ವಾರವೂ ಅಂಥದೇ ಚಾಕು ಪರೀಕ್ಷಾ ಚಿತ್ರದಲ್ಲಿ ಬಂದಿತ್ತು, ಇದೂ ಅದೇ, ಸಾಲು ಉದ್ದವಿದೆ, ಒಂದು ಅಂಕ ಹೋದರೆ ಹೋಗಲಿ ಎಂದುಕೊಂಡಳಂತೆ. ಚೀಲ ಹೋಗಿಯೇಬಿಟ್ಟಿತು. ಪುಣ್ಯಕ್ಕೆ ಆ ಚೀಲದ ಯಜಮಾನ ಪಾಪ, ಹಣ್ಣು ಹೆಚ್ಚುವ ಚಾಕು ಮರೆತು ಬಂದುಬಿಟ್ಟಿದೆ ಎಂದು ತಾನೇ ವಾಪಸು ತಂದುಕೊಟ್ಟ.

ಎಲ್ಲರ ಎದುರೇ ಕೂಗಾಡಿದೆ. "ಪರೀಕ್ಷೆಯೋ ನಿಜವೋ ಅಂತ ತೀರ್ಮಾನ ಮಾಡೋಕೆ ನೀನ್ಯಾರಮ್ಮಾ? ಕಂಡ್ರೆ ಒತ್ತಬೇಕು! ಸುಳ್ಳಾಗಿದ್ರೆ ಸುಳ್ಳು ಅಂತ ಅದೇ ಹೇಳುತ್ತೆ. ನಿಜ ಆಗಿದ್ದು ನೀನು ಒತ್ತದೆ ಇದ್ರೆ ಆಮೇಲೆ ಹೇಳೋರು ಯಾರು?"

ಅವಳು ತಲೆ ತಗ್ಗಿಸಿ ನಿಂತಿದ್ದಳು. ಪಾಳಿಯ ಮುಖ್ಯಸ್ಥ ನಾನೇ ಆದ್ದರಿಂದ ಕಾರಣ ಕೇಳಿ ನೋಟಿಸು ಕೊಟ್ಟಿದ್ದೇನೆ. ಇಷ್ಟು ಸರಳವಾದ ವಿಷಯ ಜನಕ್ಕೆ ಯಾಕೆ ತಿಳಿಯುವುದಿಲ್ಲವೋ.

ಮೇ 8, ಗುರುವಾರ

ನೋಟಿಸಿಗೆ ಉತ್ತರ ಬಂತು. ಇಲ್ಲಿ ನಕಲು ಮಾಡಿಡುತ್ತೇನೆ.

"ಮಾನ್ಯರೇ, ದಿನಾಂಕ 6ರಂದು ಪರದೆಯಲ್ಲಿ ಕಂಡ ವಸ್ತುವನ್ನು ನಾನು ಪರೀಕ್ಷಾ ಚಿತ್ರವೆಂದು ನಾನೇ ತೀರ್ಮಾನಿಸಿ ಗುಂಡಿ ಒತ್ತದಿರುವುದು ನಿಜ, ತಪ್ಪೂ ನಿಜ. ಆದರೆ ತಾವು ಕಳೆದ ಎರಡು ತಿಂಗಳಿಂದ ತಮ್ಮ ಊಟದ ಡಬ್ಬಿಯ ಕೆಳಗಿನ ಕಾಗದದ ವಿಷಯದಲ್ಲಿ ಅನುಸರಿಸುತ್ತಿರುವ ವಿಧಾನವನ್ನೇ ನಾನು ಅರ್ಧ ನಿಮಿಷ ಅನುಸರಿಸಿದ್ದೇನೆ. ಯಾವ ನಿಯಮ ಯಾರಿಗೆ ಅನ್ವಯಿಸುತ್ತದೆ ಎಂದು ತಿಳಿಸಿದರೆ ಮುಂದೆ ಹಾಗೆಯೇ ನಡೆದುಕೊಳ್ಳುತ್ತೇನೆ. ತಮ್ಮ ವಿಧೇಯಳು."

ಉದ್ಧಟತನ. ಶಿಸ್ತು ಕ್ರಮಕ್ಕೆ ಬರೆಯುತ್ತೇನೆ.

ಮೇ 9, ಶುಕ್ರವಾರ

ಬರೆಯಲಿಲ್ಲ.

ಮೇ 12, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆ. ಹೆದರಿಕೊಂಡು ಅಲ್ಲ. ಪರೀಕ್ಷಾ ಚಿತ್ರಗಳ ದಾಖಲೆ ತೋರಿಸಿ ಎಂದು ಕೇಳಲು ಹೋಗಿದ್ದೆ.

ವಿಚಾರಣೆಯ ಮೇಜಿನಲ್ಲಿದ್ದವಳು ಹೆಸರು ಕೇಳಿದ ಕೂಡಲೇ, "ಓ, ನೀವಾ ಸಾರ್! ನಿಮ್ಮ ದಿನಾಂಕ ಈ ಸಲ ಇಪ್ಪತ್ತಕ್ಕಿದೆ" ಎಂದಳು.

"ನಾನು ದಿನಾಂಕ ತಗೊಂಡೇ ಇಲ್ವಲ್ಲಮ್ಮಾ."

"ನಿಮ್ಮ ಮನೆಯವರು ತಗೊಂಡಿದ್ದಾರೆ. ಹದಿನೈದು ದಿನಕ್ಕೊಂದ್ಸಲ ಫೋನ್ ಮಾಡಿ ಮುಂದಕ್ಕೆ ಹಾಕಿಸ್ತಾರೆ. ತೆಗೆದುಹಾಕ್ಬೇಡಮ್ಮ, ಅವರು ಬಂದೇ ಬರ್ತಾರೆ ಅಂತ ಪ್ರತಿ ಸಲ ಹೇಳ್ತಾರೆ."

ಅಲ್ಲಿದ್ದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಕಾಲು ನೋಯುತ್ತಿತ್ತು.

ಚಿತ್ರ ನೋಡುವ ಡಾಕ್ಟರಮ್ಮ ಕೆಳಮಹಡಿಯ ಮಬ್ಬು ಕೋಣೆಯಲ್ಲಿದ್ದರು. ಎರಡು ಪರದೆ, ತಣ್ಣಗಾದ ಚಹಾ, ಅರ್ಧ ಬಿಸ್ಕತ್ತು. ಕಣ್ಣು ನಮ್ಮವರ ಕಣ್ಣಿನ ಹಾಗೆಯೇ ಇತ್ತು, ಸಂಜೆ ನಾಲ್ಕರ ಕಣ್ಣು. ಪರೀಕ್ಷಾ ಚಿತ್ರದ ವಿಷಯ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

"ಅಂಥ ಏರ್ಪಾಡು ನಮ್ಮಲ್ಲಿಲ್ಲ. ಇದ್ದಿದ್ರೆ ಎಷ್ಟು ಚೆನ್ನಾಗಿತ್ತು" ಎಂದರು. "ಬನ್ನಿ, ನೀವೇ ನೋಡಿ."

ಚೀಲಗಳನ್ನು ನೋಡಿದವನು ನಾನು, ಇಂಥದ್ದನ್ನು ನೋಡಿರಲಿಲ್ಲ. ನನ್ನ ಕರುಳೊಳಗೆ, ಸುರಂಗದಲ್ಲಿ ಹೋದ ಹಾಗೆ, ನಾವಿಬ್ಬರೂ ಸಾಗುತ್ತಿದ್ದೆವು. ಮಡಿಕೆ, ತಿರುವು, ಮತ್ತೆ ಮಡಿಕೆ. ಡಾಕ್ಟರಮ್ಮ ಏನನ್ನೂ ತೋರಿಸಲಿಲ್ಲ, ಹೇಳಲಿಲ್ಲ. ಕೊನೆಯ ತಿರುವು ಬಂದಾಗ ನನ್ನ ಹೆಬ್ಬೆರಳು ತಾನಾಗಿ ಮೇಜಿನ ಅಂಚನ್ನು ಒತ್ತಿತು. ಅಲ್ಲಿ ಗುಂಡಿ ಇರಲಿಲ್ಲ. ಹಸಿರು ಅಕ್ಷರವೂ ಬರಲಿಲ್ಲ.

"ಒಳಗೆ ಉಳಿದ ಕಸವೂ ಹೀಗೇ ಕಾಣುತ್ತೆ" ಎಂದರು ಅವರು. "ಅದಕ್ಕೇ ನಿಮ್ಮನ್ನ ಮಗುಚಿ ಮಲಗಿಸಿದ್ದು. ಕಸ ಆದ್ರೆ ಜಾರಿ ಇನ್ನೊಂದು ಕಡೆ ಹೋಗುತ್ತೆ. ಇದು ಜಾರಲಿಲ್ಲ."

ಏನಾದರೂ ಹೇಳಬೇಕಲ್ಲ ಎಂದು, "ದಿನಕ್ಕೆ ಇಷ್ಟು ಜನರದು ನೋಡ್ತೀರಿ, ನಿಮ್ಮ ಅಂಕ ಎಷ್ಟು?" ಎಂದು ಕೇಳಿದೆ.

"ಯಾರಿಗೆ ಗೊತ್ತು? ನಿಮಗೆ ಒತ್ತಿದ ತಕ್ಷಣ ಯಂತ್ರ ಹೇಳುತ್ತೆ. ನಾನು ಬರೆದು ಕಳಿಸ್ತೀನಿ. ಆಮೇಲೆ ಕೆಲವರು ಬೇರೆ ಕಡೆ ತೋರಿಸ್ಕೋತಾರೆ, ಕೆಲವರು ಎಲ್ಲೂ ತೋರಿಸ್ಕೊಳ್ಳಲ್ಲ. ನಾನು ಕಂಡಿದ್ದು ಸರಿಯೋ ತಪ್ಪೋ ಅಂತ ಬಂದು ಹೇಳೋರು ಕಡಿಮೆ."

ಎದ್ದು ಬಾಗಿಲ ತನಕ ಬಂದವನು ತಿರುಗಿ, "ಫಾರಮ್ಮಿನಲ್ಲಿ ಒಂದು ಕಡೆ ಇಲ್ಲ ಅಂತ ಬರೆದಿದ್ದೆ" ಎಂದೆ. "ನಮ್ಮಪ್ಪನಿಗೆ ಹೊಟ್ಟೆನೋವಿತ್ತು. ತೋರಿಸಿಕೊಳ್ಳಲಿಲ್ಲ. ಆರು ತಿಂಗಳಲ್ಲಿ ಹೋದರು."

"ವಯಸ್ಸೆಷ್ಟಿತ್ತು?"

"ಐವತ್ತಮೂರು."

"ನಿಮಗೀಗ?"

"ಐವತ್ತೆರಡು."

ಅವರು ನನ್ನ ಕಡತದಿಂದ ಆ ಫಾರಮ್ಮನ್ನು ಹುಡುಕಿ, ಪೆನ್ನು ತೆಗೆದು ನನ್ನ "ಇಲ್ಲ"ವನ್ನು ಹೊಡೆದುಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು, ಇಪ್ಪತ್ತನೇ ತಾರೀಕು ರಜೆ ಹಾಕಿದ್ದೇನೆ ಎಂದೆ. ಇವಳು, "ಯಾಕೆ?" ಎಂದು ಕೇಳಲಿಲ್ಲ. "ಬಿಳಿ ಬ್ರೆಡ್ಡು ತರಬೇಕು" ಎಂದಳು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ಅಷ್ಟು ಪಾತ್ರೆ ಇರಲಿಲ್ಲ.

ಮೇ 13, ಮಂಗಳವಾರ

ಎರಡನೇ ಪರದೆಗೆ ಕೊಟ್ಟ ನೋಟಿಸನ್ನು ಹಿಂದಕ್ಕೆ ತೆಗೆದುಕೊಂಡೆ. ಕಾರಣ ಎಂಬಲ್ಲಿ "ಕಾಗದದ ಉಳಿತಾಯ" ಎಂದು ಬರೆದೆ. ಅವಳು ಓದಿ, ಡಬ್ಬಿಯ ಕೆಳಗೆ ಹಾಸಿಕೊಳ್ಳಲು ಒಂದು ಪ್ಲಾಸ್ಟಿಕ್ ಹಾಳೆ ತಂದುಕೊಟ್ಟಳು.

ಮೇ 20, ಮಂಗಳವಾರ

ಕೊಳವೆಗೆ ಇಷ್ಟೆಲ್ಲ ಹೆದರಿದ್ದೆನಲ್ಲ, ಏನೂ ತಿಳಿಯಲಿಲ್ಲ. ಸೂಜಿ ಚುಚ್ಚಿದರು, ಅಂಕಿ ಎಣಿಸಿ ಎಂದರು, ನಾಲ್ಕಕ್ಕೆ ಬರುವಷ್ಟರಲ್ಲಿ ಎಬ್ಬಿಸಿ ಮುಗಿಯಿತು ಎಂದರು. ತಂತಿಯ ಕುಣಿಕೆ ಹಾಕಿ ಬುಡದಿಂದಲೇ ತೆಗೆದರಂತೆ. ಪುಟ್ಟ ಶೀಶೆಯಲ್ಲಿ ತೇಲುತ್ತಿತ್ತು, ತೋರಿಸಿದರು. ಬಟಾಣಿಗಿಂತ ಒಂದು ಕೈ ಮೇಲು. ಅಳೆದರೆ ಹನ್ನೊಂದು ಮಿಲಿಮೀಟರ್. ಒಂಬತ್ತು ಎಂದು ಬರೆದಿದ್ದರಲ್ಲ, ಎರಡು ವ್ಯತ್ಯಾಸ ಎಂದು ಹೇಳಬೇಕೆಂದುಕೊಂಡೆ.

ಇವಳು ಮಂಚದ ಪಕ್ಕದಲ್ಲಿ ನನ್ನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾಕೆ ಎಂದು ಕೇಳಿದರೆ, "ಕೆಳಗಿಟ್ರೆ ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ" ಎಂದಳು. ಸವೆದ ಚಪ್ಪಲಿ, ಯಾರು ಹಾಕಿಕೊಳ್ಳುತ್ತಾರೆ. ಅವಳ ಕೈ ಹಿಡಿದುಕೊಂಡೆ. ಮಂಪರು ಇನ್ನೂ ಇಳಿದಿರಲಿಲ್ಲ.

ಮೇ 30, ಶುಕ್ರವಾರ

ಪ್ರಯೋಗಾಲಯದ ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ. ಆದರೆ ಕೋಶಗಳು ಆ ಕಡೆಗೆ ತಿರುಗಿದ್ದವು. "ನಿಮ್ಮ ಭಾಷೇಲಿ ಹೇಳಬೇಕು ಅಂದ್ರೆ, ಬೋರ್ಡಿಂಗ್ ಪಾಸ್ ತಗೊಂಡು ಸಾಲಲ್ಲಿ ನಿಂತಿತ್ತು. ವಿಮಾನ ಹತ್ತಿರಲಿಲ್ಲ" ಎಂದರು ಕೊಳವೆ ಬಿಟ್ಟು ತೆಗೆದ ಡಾಕ್ಟರು. ಬುಡ ಚೊಕ್ಕವಾಗಿದೆ. ಮೂರು ವರ್ಷದ ಮೇಲೆ ಮತ್ತೆ ಬರಬೇಕು.

ಬಾಮೈದ ಫೋನು ಮಾಡಿ, "ನಾನು ಹೇಳಿರಲಿಲ್ವಾ ಭಾವ, ಏನೂ ಇಲ್ಲ ಅಂತ!" ಎಂದ. ಅವನಿಗೆ ಐವತ್ತು ತುಂಬುವುದು ಆಗಸ್ಟಿನಲ್ಲಿ. ಇವಳು ಆಗಲೇ ಅವನ ಹೆಸರಿನಲ್ಲಿ ದಿನಾಂಕ ತೆಗೆದುಕೊಂಡಿದ್ದಾಳೆ.

ತಿಂಗಳ ಅಂಕವೂ ಬಂತು. ತೊಂಬತ್ತೇಳು. ಯಂತ್ರವನ್ನು ಯಾರೋ ರಿಪೇರಿ ಮಾಡಿರಬೇಕು.

ಜೂನ್ 2, ಸೋಮವಾರ

ಪಾಳಿಗೆ ಮೊದಲು ಆಸ್ಪತ್ರೆಗೆ ಹೋಗಿಬಂದೆ. ನನಗೇನೂ ಕೆಲಸವಿರಲಿಲ್ಲ. ಆ ದಾರಿಯಲ್ಲಿ ಬಸ್ಸು ಬೇಗ ಸಿಗುತ್ತದೆ ಎಂದು ಹೋದೆ.

ಡಾಕ್ಟರಮ್ಮ ಅದೇ ಮಬ್ಬು ಕೋಣೆಯಲ್ಲಿ, ಅದೇ ಭಂಗಿಯಲ್ಲಿ ಇದ್ದರು. ಫಲಿತಾಂಶದ ಪ್ರತಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ನಾನು ಮನೆಯಲ್ಲೇ ಬರೆದುಕೊಂಡು ಹೋಗಿದ್ದ ಚೀಟಿ ಇಟ್ಟೆ. ಹಸಿರು ಪೆನ್ನು ಹುಡುಕಲು ಮೂರು ಅಂಗಡಿ ಅಲೆದಿದ್ದೆ. ಅಕ್ಷರ ಸ್ವಲ್ಪ ಸೊಟ್ಟಗಾಗಿತ್ತು. ಪೆನ್ನು ಸರಿಯಿರಲಿಲ್ಲ.

"ಭೇಷ್! ಇದು ನಿಜವಾದದ್ದು. ಕೆಲಸ ಮುಂದುವರಿಸಿ."

ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಏನೋ ಹೇಳಲು ಹೊರಟರು, ಆದರೆ ಪರದೆಯ ಮೇಲೆ ಬೇರೆ ಯಾರದೋ ಚಿತ್ರ ಬಂದು ಕಾಯುತ್ತಿತ್ತು. ನೋಡುತ್ತಿರುವವರನ್ನು ಮಾತಾಡಿಸಬಾರದು ಎಂಬ ನಿಯಮ ನನಗೆ ಗೊತ್ತು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದೆ.